ಕೆಜಿಎಫ್‌ನಿಂದ ಕಾಕ್‌ಪಿಟ್‌ಗೆ: ಪೈಲಟ್ ಮೆಡಿಕಲ್ ಪಾಸಾಗಲು 11 ಸೂತ್ರಗಳು

ಕೆಜಿಎಫ್‌ನ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ಬೋಗಿ ತುಂಬಿರುತ್ತದೆ. ಕಾಲೇಜಿನವರು, ಫ್ಯಾಕ್ಟರಿಯವರು, ಐಟಿ ಕಂಪನಿಯವರು. ಅವರಲ್ಲಿ ಒಬ್ಬಿಬ್ಬರ ಫೋನಿನಲ್ಲಾದರೂ ಸಣ್ಣ ವಿಮಾನದ ವಿಡಿಯೋ ಓಡುತ್ತಿರುತ್ತದೆ. ನೀವು ಆ ಪೈಕಿಯವರಾದರೆ ಮುಂದೆ ಓದಿ. ಪೈಲಟ್ ಆಗಬೇಕು ಅಂದ ಕೂಡಲೇ ಎಲ್ಲರೂ ದುಡ್ಡಿನ ಲೆಕ್ಕ ಶುರುಮಾಡುತ್ತಾರೆ. ದುಡ್ಡು ಎರಡನೇ ಪ್ರಶ್ನೆ. ಮೊದಲನೆಯದು ಮೆಡಿಕಲ್. ಅದೂ ಒಂದು ಪರೀಕ್ಷೆಯೇ. ಸಿಲೆಬಸ್ ಇದೆ, ತಯಾರಿ ಮಾಡಿಕೊಳ್ಳಬಹುದು.

1. ನಿಮಗೆ ಬೇಕಾದ ಕ್ಲಾಸ್ ಯಾವುದು, ತಿಳಿದುಕೊಳ್ಳಿ

ನಮ್ಮ ದೇಶದಲ್ಲಿ ಪೈಲಟ್ ಲೈಸೆನ್ಸ್ ಕೊಡುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಹವ್ಯಾಸಕ್ಕೆ ವಿಮಾನ ಹಾರಿಸಲು ಬೇಕಾದದ್ದು ಪ್ರೈವೇಟ್ ಪೈಲಟ್ ಲೈಸೆನ್ಸ್, ಅಂದರೆ ಪಿಪಿಎಲ್. ಅದಕ್ಕೆ ಕ್ಲಾಸ್ 2 ಮೆಡಿಕಲ್ ಸಾಕು. ಸಂಬಳಕ್ಕೆ ಹಾರಿಸುವ ಕಮರ್ಷಿಯಲ್ ಪೈಲಟ್‌ಗೆ ಕ್ಲಾಸ್ 1. ಸ್ಟೂಡೆಂಟ್ ಪೈಲಟ್ ಲೈಸೆನ್ಸ್‌ಗೆ 16 ವರ್ಷ ತುಂಬಿರಬೇಕು, ಪಿಪಿಎಲ್‌ಗೆ 17, ಕಮರ್ಷಿಯಲ್‌ಗೆ 18. ಪಿಪಿಎಲ್‌ಗೆ ಹತ್ತನೇ ತರಗತಿ ಪಾಸಾಗಿದ್ದರೆ ಆಯಿತು, ಕನಿಷ್ಠ 40 ಗಂಟೆ ಹಾರಾಟ ಬೇಕು.

ಇದನ್ನು ಮೊದಲೇ ಹೇಳಲು ಕಾರಣವಿದೆ. ನಮ್ಮ ಊರುಗಳಲ್ಲಿ ಪೈಲಟ್ ಅಂದರೆ ಜನರಿಗೆ ನೆನಪಾಗುವುದು ಏರ್‌ಫೋರ್ಸ್. 'ಕನ್ನಡಕ ಇದೆಯಲ್ಲಪ್ಪ, ಆಗಲ್ಲ ಬಿಡು' ಎಂಬ ತೀರ್ಪು ಅಲ್ಲಿಂದ ಬಂದದ್ದು. ಯುದ್ಧ ವಿಮಾನದ ಅಳತೆಗೋಲನ್ನು ಎರಡು ಸೀಟಿನ ಸೆಸ್ನಾ ವಿಮಾನಕ್ಕೆ ಹಿಡಿಯಬೇಡಿ. ಕೇಳಿದ ಮಾತು ಬಿಡಿ, ನಿಯಮ ಓದಿ.

2. ಫೀಸ್ ಕಟ್ಟುವ ಮುಂಚೆ ಮೆಡಿಕಲ್ ಮಾಡಿಸಿ

ಬೆಂಗಳೂರಿನ ಜಕ್ಕೂರಿನಲ್ಲಿ 1940ರ ದಶಕದ ಕೊನೆಯಿಂದಲೂ ವಿಮಾನ ತರಬೇತಿಯ ನೆಲೆ ಇದೆ. ಖಾಸಗಿ ಶಾಲೆಗಳೂ ಬೇಕಾದಷ್ಟಿವೆ. ಯಾವುದೇ ಶಾಲೆಯ ಕೌಂಟರ್ ಮುಂದೆ ನಿಲ್ಲುವ ಮುಂಚೆ ಡಾಕ್ಟರ ಮುಂದೆ ನಿಲ್ಲಿ. ಮೆಡಿಕಲ್‌ಗೆ ಆಗುವ ಖರ್ಚು ತರಬೇತಿಯ ಖರ್ಚಿನ ಮುಂದೆ ಚಿಲ್ಲರೆ. ಅಪ್ಪ ಸೈಟು ಮಾರಿದ ಮೇಲೆ ಕಣ್ಣಿನ ದೋಷ ಗೊತ್ತಾಗುವ ಸ್ಥಿತಿ ನಿಮಗೆ ಬರಬಾರದು.

ಮುಂದೊಂದು ದಿನ ಏರ್‌ಲೈನ್ಸ್ ಸೇರುವ ಯೋಚನೆ ಇದ್ದರೆ ಕ್ಲಾಸ್ 2ಕ್ಕೇ ನಿಲ್ಲಬೇಡಿ, ಕ್ಲಾಸ್ 1 ಕೂಡ ಈಗಲೇ ಮುಗಿಸಿ. ಅದರ ಮೊದಲ ಪರೀಕ್ಷೆ ನಡೆಯುವ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯಲ್ಲೇ ಇದೆ: 1957ರಲ್ಲಿ ಶುರುವಾದ, ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್. ದೇಶದ ಬೇರೆ ಮೂಲೆಯವರು ರೂಮು ಮಾಡಿಕೊಂಡು ಬರುವ ಜಾಗ. ನೀವು ಬೆಳಗಿನ ರೈಲು ಹಿಡಿದು ಹೋಗಿ ಸಂಜೆ ಮನೆಗೆ ಊಟಕ್ಕೆ ಬರಬಹುದು.

3. ಕನ್ನಡಕಕ್ಕೆ ಹೆದರಬೇಡಿ, ಬಣ್ಣ ಮೊದಲು ಪರೀಕ್ಷಿಸಿ

ಕ್ಲಾಸ್ 2ಕ್ಕೆ ಅಂತರರಾಷ್ಟ್ರೀಯ ಮಾನದಂಡ ಹೀಗಿದೆ: ಒಂದೊಂದು ಕಣ್ಣಿಗೆ 6/12, ಎರಡೂ ಸೇರಿ 6/9. ಇದನ್ನು ಕನ್ನಡಕ ಹಾಕಿಕೊಂಡೇ ಮುಟ್ಟಬಹುದು. 6/12 ಅಂದರೆ ಒಳ್ಳೆಯ ಕಣ್ಣಿನವರು 12 ಮೀಟರ್‌ನಿಂದ ಓದುವ ಅಕ್ಷರವನ್ನು ನೀವು 6 ಮೀಟರ್‌ನಿಂದ ಓದುವುದು. ಕ್ಲಾಸ್ 1ಕ್ಕೆ ಇದು 6/9 ಮತ್ತು 6/6 ಆಗುತ್ತದೆ; ಅಲ್ಲೂ ಕನ್ನಡಕಕ್ಕೆ ಅವಕಾಶ ಇದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಬಣ್ಣದ ಲೆನ್ಸ್ ಮನೆಯಲ್ಲೇ ಬಿಡಿ. ಲೇಸರ್ ಸರ್ಜರಿ ಆಗಿದ್ದರೆ ಅದರ ಮುಂಚಿನ ಮತ್ತು ನಂತರದ ಪವರ್ ಇರುವ ಕಾಗದಗಳನ್ನು ಹುಡುಕಿ ಇಟ್ಟುಕೊಳ್ಳಿ. ಪವರ್ ಸ್ಥಿರವಾಗಿದೆ ಅನ್ನುವುದಕ್ಕೆ ಡಾಕ್ಟರು ಕೇಳುವ ಸಾಕ್ಷಿ ಅದೇ.

ನಿಜವಾದ ಗಡಿ ಇರುವುದು ಬಣ್ಣದಲ್ಲಿ. ಬಣ್ಣಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಇಶಿಹಾರ ಪುಸ್ತಕ ತೋರಿಸುತ್ತಾರೆ. ಅಲ್ಲಿ ಎಡವಿದವರಿಗೆ ಬಣ್ಣದ ದೀಪಗಳನ್ನು ಗುರುತಿಸುವ ಲ್ಯಾಂಟರ್ನ್ ಪರೀಕ್ಷೆ ಇರುತ್ತದೆ. ಇಷ್ಟು ಕಟ್ಟುನಿಟ್ಟು ಏಕೆ? ವಿಮಾನದ ಎಡ ರೆಕ್ಕೆಯ ತುದಿಯಲ್ಲಿ ಕೆಂಪು ದೀಪ, ಬಲಕ್ಕೆ ಹಸಿರು. ರೇಡಿಯೋ ಕೆಟ್ಟರೆ ಟವರ್‌ನಿಂದ ಕೆಂಪು ಅಥವಾ ಹಸಿರು ಬೆಳಕು ಬಿಟ್ಟು ನಿಮ್ಮೊಂದಿಗೆ ಮಾತಾಡುತ್ತಾರೆ. ರನ್‌ವೇ ಪಕ್ಕದ ದೀಪಗಳಲ್ಲಿ ಬಿಳಿ ಎಷ್ಟು, ಕೆಂಪು ಎಷ್ಟು ಎಂದು ನೋಡಿಯೇ ನೀವು ಇಳಿಯುವ ದಾರಿಗಿಂತ ಮೇಲಿದ್ದೀರೋ ಕೆಳಗಿದ್ದೀರೋ ತಿಳಿಯುವುದು. ಕೆಲವರು ಇಶಿಹಾರ ಪುಟಗಳನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ಬೇಡ. ಪುಟಗಳ ಕ್ರಮ ಬದಲಿಸಿದರೆ ಗುಟ್ಟು ರಟ್ಟಾಗುತ್ತದೆ. ರಟ್ಟಾಗದೇ ಹೋದರೆ ಇನ್ನೂ ಅಪಾಯ.

ಹುಡುಗರಿಗೆ ಒಂದು ಮಾತು: ಕೆಂಪು-ಹಸಿರು ದೋಷ ಹೆಚ್ಚಾಗಿ ಗಂಡಸರಲ್ಲೇ, ತಾಯಿಯ ಕಡೆಯಿಂದ ಬರುತ್ತದೆ. ಸೋದರಮಾವನಿಗೆ ಇದ್ದರೆ ಈ ವಾರವೇ ಪರೀಕ್ಷೆ ಮಾಡಿಸಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲೋ ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಯಲ್ಲೋ ಕಣ್ಣಿನ ವಿಭಾಗಕ್ಕೆ ಹೋಗಿ ಕೇಳಿ. ಕೆಲವು ನಿಮಿಷದ ಕೆಲಸ.

4. ಕಿವಿ ಕಾಪಾಡಿ

ಕ್ಲಾಸ್ 2ರ ಮೂಲ ಪರೀಕ್ಷೆ ಸರಳ. ಸದ್ದಿಲ್ಲದ ಕೋಣೆಯಲ್ಲಿ ಡಾಕ್ಟರಿಗೆ ಬೆನ್ನು ಮಾಡಿ ನಿಲ್ಲಬೇಕು, 2 ಮೀಟರ್ ದೂರದ ಸಾಮಾನ್ಯ ಮಾತು ಕೇಳಿಸಬೇಕು. ಇವತ್ತೇ ಮನೆಯಲ್ಲಿ ತಂಗಿಯನ್ನು ನಿಲ್ಲಿಸಿಕೊಂಡು ನೋಡಿ. ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡುವವರು ಇಯರ್ ಪ್ಲಗ್ ಇಲ್ಲದೆ ಮೆಷಿನ್ ಪಕ್ಕ ನಿಲ್ಲಬೇಡಿ. ರೈಲಿನ ಸದ್ದು ಮುಚ್ಚಲು ಇಯರ್‌ಫೋನ್ ವಾಲ್ಯೂಮ್ ಏರಿಸುವವರೂ ಇಲ್ಲಿ ಗಮನಿಸಿ. ಒಳಕಿವಿಯ ನರಕೋಶ ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ.

ಕೇಳುವುದರಷ್ಟೇ ಮುಖ್ಯ ಕಿವಿಯ ಒತ್ತಡ. ಇದು ನಮ್ಮೂರಿಗೆ ಹೊಸದಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳ. ಕೇಜ್‌ನಲ್ಲಿ ಇಳಿಯುವಾಗ ಕಿವಿ ಕಟ್ಟಿಕೊಂಡ ಅನುಭವವನ್ನು ಗಣಿಯಲ್ಲಿದ್ದ ಅಜ್ಜಂದಿರನ್ನು ಕೇಳಿ ನೋಡಿ. ಸಣ್ಣ ವಿಮಾನದವರು ಆಕ್ಸಿಜನ್ ಬಗ್ಗೆ ಯೋಚಿಸಲು ಶುರುಮಾಡುವ 10,000 ಅಡಿ ಎತ್ತರವೂ ಹೆಚ್ಚುಕಡಿಮೆ ಅಷ್ಟೇ, 3,048 ಮೀಟರ್. ಅಜ್ಜಂದಿರು ಅಷ್ಟು ದೂರ ಕೆಳಕ್ಕೆ ಹೋದರು, ನೀವು ಮೇಲಕ್ಕೆ ಹೋಗುತ್ತೀರಿ. ಎರಡೂ ಕಡೆ ಕಾಡುವುದು ಇಳಿಯುವಾಗಲೇ: ಹೊರಗಿನ ಒತ್ತಡ ಏರುತ್ತದೆ, ಮೂಗಿನ ಹಿಂದಿನ ನಾಳ ತೆರೆಯದಿದ್ದರೆ ಕಿವಿ ಸಿಡಿಯುವಂತೆ ನೋಯುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿ. ಕಿವಿಯಲ್ಲಿ ಟಪ್ ಎನ್ನಬೇಕು. ಇದು ಬಾರದಿದ್ದರೆ ಇಎನ್‌ಟಿ ಡಾಕ್ಟರನ್ನು ನೋಡಿ. ನೆಗಡಿ ಇರುವಾಗ ಮೆಡಿಕಲ್‌ಗೂ ಹೋಗಬೇಡಿ, ವಿಮಾನವನ್ನೂ ಹತ್ತಬೇಡಿ.

5. ಎದೆಯ ಎಕ್ಸ್-ರೇಗೆ ತಾತನ ಭಯ ಬೇಡ

ಗಣಿ ಮನೆಗಳಲ್ಲಿ ಸಿಲಿಕೋಸಿಸ್ ಕಂಡಿರದವರು ಕಡಿಮೆ. ಕಲ್ಲಿನ ಧೂಳು ಶ್ವಾಸಕೋಶ ಸೇರಿ ಬರುವ ಕಾಯಿಲೆ ಅದು, ರಕ್ತದಲ್ಲಿ ಹರಿದು ಬರುವುದಿಲ್ಲ. ಗಣಿ ಮುಚ್ಚಿದ್ದು 2001ರಲ್ಲಿ, ಆ ಧೂಳು ನೀವು ಕುಡಿದಿಲ್ಲ. ನಿಮ್ಮ ಎದೆ ನಿಮ್ಮದೇ. ಟಿಬಿ ವಿಷಯ ಬೇರೆ. ಸಕ್ರಿಯ ಟಿಬಿ ಇದ್ದರೆ ಅನ್‌ಫಿಟ್. ಪೂರ್ತಿ ವಾಸಿಯಾಗಿ ಕಲೆ ಮಾತ್ರ ಉಳಿದಿದ್ದರೆ ಫಿಟ್ ಆಗುವ ದಾರಿ ಇದೆ. ಚಿಕಿತ್ಸೆ ಮುಗಿಸಿದ ಕಾಗದ, ಹಳೆಯ ಎಕ್ಸ್-ರೇ ಎರಡೂ ಒಯ್ಯಿರಿ. ಹಳೆಯದನ್ನು ಪಕ್ಕಕ್ಕಿಟ್ಟು ನೋಡಿದರೆ ಕಲೆ ಬೆಳೆದಿಲ್ಲ ಎಂದು ಡಾಕ್ಟರಿಗೆ ತಿಳಿಯುತ್ತದೆ.

ಸಿಗರೇಟು ಇವತ್ತೇ ಬಿಡಿ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಕ್ಸಿಜನ್ನಿನ ಜಾಗ ಹಿಡಿದು ಕೂರುತ್ತದೆ. ಆಕಾಶದಲ್ಲಿ ಮೊದಲೇ ಗಾಳಿ ತೆಳು.

6. ಬಿಪಿ, ಶುಗರ್: ಎರಡು ತಿಂಗಳ ಪ್ಲಾನ್ ಹಾಕಿ

ಬಂಗಾರಪೇಟೆಯಲ್ಲಿದ್ದು ಪಾನಿಪುರಿ ತಿನ್ನಬೇಡಿ ಅನ್ನುವಷ್ಟು ಕ್ರೂರಿ ನಾನಲ್ಲ. ದಿನಾ ಸಂಜೆ ಬೇಡ, ಭಾನುವಾರಕ್ಕೆ ಇರಲಿ. ಎರಡು ತಿಂಗಳು ಉಪ್ಪು, ಎಣ್ಣೆ, ಸಿಹಿ ಕಡಿಮೆ ಮಾಡಿ, ದಿನಾ ಮುಕ್ಕಾಲು ಗಂಟೆ ಚುರುಕಾಗಿ ನಡೆಯಿರಿ. ಬಿಪಿ 140/90 ದಾಟಿದರೆ ಡಾಕ್ಟರ ಪ್ರಶ್ನೆಗಳು ಶುರುವಾಗುತ್ತವೆ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಯಾವ ಮಾತ್ರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಕೆಲವು ತಲೆ ಸುತ್ತಿಸುತ್ತವೆ. ಇನ್ಸುಲಿನ್ ಮೇಲಿರುವ ಸಕ್ಕರೆ ಕಾಯಿಲೆ ಅಂತರರಾಷ್ಟ್ರೀಯ ಮಾನದಂಡದಲ್ಲಿ ಅನ್‌ಫಿಟ್. ಒಬ್ಬರೇ ಹಾರಿಸುವಾಗ ಶುಗರ್ ಥಟ್ಟನೆ ಇಳಿದರೆ ಪಕ್ಕದ ಸೀಟಿನಲ್ಲಿ ಯಾರೂ ಇರುವುದಿಲ್ಲ.

ಪರೀಕ್ಷೆಯ ದಿನದ ಬಿಪಿಗೂ ಉಪಾಯವಿದೆ. ರೈಲಿನಲ್ಲಿ ನೇತಾಡಿಕೊಂಡು ಹೋಗಿ, ಮೆಟ್ಟಿಲು ಓಡಿ ಹತ್ತಿ, ತೋಳು ಚಾಚಬೇಡಿ. ಒಂದು ಮುಂಚಿನ ರೈಲಿಗೆ ಹೊರಡಿ. ಕಾಫಿ ಬಿಡಿ, ಕುರ್ಚಿಯಲ್ಲಿ ಕೂತು ಉಸಿರು ಸಮ ಮಾಡಿಕೊಳ್ಳಿ. ಬಿಳಿ ಕೋಟು ಕಂಡರೇ ಬಿಪಿ ಏರುವವರಿದ್ದಾರೆ. ಮನೆಯಲ್ಲಿ ವಾರಗಟ್ಟಲೆ ಅಳೆದ ಪಟ್ಟಿ ಇದ್ದರೆ ತೋರಿಸಿ.

7. ತೂಕವನ್ನು ವಿಮಾನದ ಲೆಕ್ಕದಲ್ಲಿ ನೋಡಿ

ತರಬೇತಿಗೆ ಪ್ರಸಿದ್ಧವಾದ ಸೆಸ್ನಾ 152 ನೆಲ ಬಿಡುವಾಗ ಎಲ್ಲಾ ಸೇರಿ 757 ಕೆ.ಜಿ. ಮೀರುವಂತಿಲ್ಲ. ಬರೀ ವಿಮಾನವೇ ಸುಮಾರು 500. ಟ್ಯಾಂಕ್ ತುಂಬಿದರೆ ಮತ್ತೊಂದು 70. ಉಳಿದ 185 ಕೆ.ಜಿ. ಆಸುಪಾಸಿನಲ್ಲಿ ನೀವು, ಇನ್‌ಸ್ಟ್ರಕ್ಟರ್, ಬ್ಯಾಗು. ಜಿಮ್‌ಗೆ ಹೋಗಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೆ?

8. ಫಾರ್ಮ್‌ನಲ್ಲಿ ಸುಳ್ಳು ಬರೆಯಬೇಡಿ

ಫಿಟ್ಸ್ ಬಂದಿತ್ತೇ, ಪ್ರಜ್ಞೆ ತಪ್ಪಿತ್ತೇ, ಆಪರೇಷನ್ ಆಗಿದೆಯೇ, ನಿದ್ರೆ ಅಥವಾ ಮನಸ್ಸಿನ ಔಷಧ ಇದೆಯೇ ಎಂಬ ಪ್ರಶ್ನೆಗಳು ಬರುತ್ತವೆ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಮೂರ್ಛೆ ರೋಗ ಖಚಿತವಾಗಿದ್ದರೆ ಅನ್‌ಫಿಟ್, ಅದರಲ್ಲಿ ಚೌಕಾಸಿ ಇಲ್ಲ. ಬಿಸಿಲಲ್ಲಿ ಪ್ರೇಯರ್‌ಗೆ ನಿಂತು ಒಮ್ಮೆ ಬಿದ್ದದ್ದು ಬೇರೆ ಮಾತು. ಅದನ್ನು ತೂಗುವುದು ಡಾಕ್ಟರ ಕೆಲಸ. ಮುಚ್ಚಿಟ್ಟದ್ದು ಮುಂದೆ ಹೊರಬಂದರೆ ಲೈಸೆನ್ಸೇ ಹೋಗುತ್ತದೆ. ಮೆಡಿಕಲ್ ಪಾಸಾಗಲೆಂದು ಮಾನಸಿಕ ಆರೋಗ್ಯದ ಮಾತ್ರೆಯನ್ನು ನೀವೇ ನಿಲ್ಲಿಸುವುದಂತೂ ಶುದ್ಧ ಮೂರ್ಖತನ. ನಿಮ್ಮ ಡಾಕ್ಟರನ್ನು ಕೇಳದೆ ಒಂದು ಗುಳಿಗೆಯನ್ನೂ ಬಿಡಬೇಡಿ.

9. ಫೈಲ್ ಮಾಡಿ

ಫ್ಯಾಮಿಲಿ ಡಾಕ್ಟರ ಸರ್ಟಿಫಿಕೇಟ್ ನಡೆಯುವುದಿಲ್ಲ. ಡಿಜಿಸಿಎ ಒಪ್ಪಿದ ಪರೀಕ್ಷಕರ ಪಟ್ಟಿ ಅದರ ವೆಬ್‌ಸೈಟ್‌ನಲ್ಲಿದೆ. ಅದರದೇ ಇಜಿಸಿಎ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಹತ್ತನೇ ತರಗತಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಇನಿಷಿಯಲ್, ಸ್ಪೆಲಿಂಗ್ ಒಂದೇ ಇರಲಿ. ನಮ್ಮ ಕಡೆ ಅಪ್ಪನ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಕೂರುವುದು ಮಾಮೂಲಿ. ಈಗಲೇ ಸರಿಮಾಡಿಸಿ. ನಿಮ್ಮ ಮೆಡಿಕಲ್ ದಾಖಲೆಗೆ ಸಿಗುವ ಪಿಎಂಆರ್ ಫೈಲ್ ನಂಬರನ್ನು ಜೋಪಾನ ಮಾಡಿ, ಮುಂದಿನ ಮೆಡಿಕಲ್‌ಗಳೆಲ್ಲ ಅದರ ಮೇಲೇ ನಡೆಯುತ್ತವೆ.

10. 'ಟೆಂಪರರಿ ಅನ್‌ಫಿಟ್' ಬಂದರೆ ಅಳುತ್ತ ಕೂರಬೇಡಿ

ಹಿಮೋಗ್ಲೋಬಿನ್ ಕಡಿಮೆ, ಬಿಪಿ ಜಾಸ್ತಿ, ಕಿವಿಯಲ್ಲಿ ಸೋಂಕು: ಇವೆಲ್ಲ ಸರಿಹೋಗುವಂಥವು. ಕಾರಣವನ್ನು ಬರವಣಿಗೆಯಲ್ಲಿ ಪಡೆಯಿರಿ. ಚಿಕಿತ್ಸೆ ಮುಗಿಸಿ, ಹೇಳಿದ ಅವಧಿಯ ನಂತರ ಮತ್ತೆ ಹೋಗಿ. ಹುಡುಗಿಯರು ಹಿಮೋಗ್ಲೋಬಿನ್ ಮುಂಚೆಯೇ ನೋಡಿಸಿಕೊಳ್ಳಿ. ರಾಗಿಮುದ್ದೆ, ಸೊಪ್ಪುಸಾರು ಒಳ್ಳೆಯದೇ, ಆದರೆ ನಿಜವಾದ ರಕ್ತಹೀನತೆಗೆ ಮಾತ್ರೆ ಬೇಕು, ತಿಂಗಳುಗಳು ಬೇಕು. ಶಾಶ್ವತ ಅನ್‌ಫಿಟ್ ಎಂದು ಬಂದರೂ ಮೇಲ್ಮನವಿಗೆ ದಾರಿ ಇದೆ. ತಜ್ಞರ ವರದಿ ಜೊತೆಗಿಟ್ಟು ಹೋಗಿ.

11. ಸರ್ಟಿಫಿಕೇಟ್ ಸಿಕ್ಕ ಮೇಲೆ ನಿಮಗೆ ನೀವೇ ಡಾಕ್ಟರ್

ಮೆಡಿಕಲ್ ಮುಗಿಯುವ ದಿನಾಂಕವನ್ನು ಫೋನಿನಲ್ಲಿ ಹಾಕಿ, ಎರಡು ತಿಂಗಳು ಮುಂಚೆ ಅಲಾರಂ ಇಡಿ. 40 ದಾಟಿದವರಿಗೆ ಅವಧಿ ಕಡಿಮೆ ಆಗುತ್ತದೆ. ಹಾರಾಟಕ್ಕೆ ಮುಂಚಿನ 12 ಗಂಟೆ ಮದ್ಯ ಮುಟ್ಟುವಂತಿಲ್ಲ, ಇದು ಕಾನೂನು. ಮದುವೆ ಮನೆಯ ರಾತ್ರಿ ಪಾರ್ಟಿ ಇದ್ದರೆ ಮರುದಿನದ ಸ್ಲಾಟ್ ಬುಕ್ ಮಾಡಲೇಬೇಡಿ. ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್, ಮೌತ್‌ವಾಶ್ ಕೂಡ ಬೇಡ. ನೆಗಡಿಯ ಹಲವು ಮಾತ್ರೆಗಳು ಮಂಪರು ತರುತ್ತವೆ. ಮೆಡಿಕಲ್ ಶಾಪ್‌ನವರನ್ನು ಕೇಳಿ ತಂದ ಮಾತ್ರೆ ನುಂಗಿ ಹಾರಬೇಡಿ. ಕನ್ನಡಕದವರು ಇನ್ನೊಂದು ಜೊತೆ ಕೈಗೆ ಸಿಗುವಂತೆ ಇಟ್ಟುಕೊಂಡೇ ಹಾರಬೇಕು. ಮೊದಲನೆಯದು ಬಿದ್ದು ಸೀಟಿನ ಕೆಳಗೆ ಸೇರಿದರೆ ಬಗ್ಗಿ ಹುಡುಕಲು ಆಕಾಶದಲ್ಲಿ ಪುರುಸೊತ್ತು ಇರುವುದಿಲ್ಲ. ಆ ಎರಡನೇ ಜೊತೆಯನ್ನು ಈ ಶನಿವಾರವೇ ಮಾಡಿಸಲು ಹಾಕಿ, ಮೆಡಿಕಲ್ ದಿನವೂ ಬ್ಯಾಗಿನಲ್ಲಿರಲಿ.