ಆಂಗ್ಲ ಭೂತಕಾಲ ಕ್ರಿಯಾಪದ: ಕನ್ನಡದ ಒರೆಗಲ್ಲು

ಹೈದರಾಬಾದಿನ ಬಾಲಾನಗರದಲ್ಲಿ 1968ರಲ್ಲಿ ಸ್ಥಾಪಿತವಾದ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆಯಂತಹ ತರಬೇತಿಕೇಂದ್ರಗಳನ್ನು ಸೇರುವ ಕನ್ನಡ ವಿದ್ಯಾರ್ಥಿಗೆ ಆಂಗ್ಲ ಪದವರ್ಗಗಳ ಅರಿವು ಅಗತ್ಯ. ಆಜ್ಞೆಯನ್ನು ವರ್ಣನೆಯೆಂದು ಓದಿದರೆ ಕೆಲಸವೇ ಕೆಡುತ್ತದೆ.

‘ಡ್ರಿಲ್’ ಎಂಬುದು ಉಪಕರಣವನ್ನು ಹೇಳಿದಾಗ ನಾಮಪದ. ಕೊರೆಯುವುದನ್ನು ಹೇಳಿದಾಗ ಕ್ರಿಯಾಪದ. ಆದರೆ ‘ಡ್ರಿಲ್ಡ್’ ಎಂದೊಡನೆ ಅದು ಭೂತಕಾಲ ಕ್ರಿಯಾಪದವೆಂದು ನಿರ್ಧರಿಸಲಾಗದು. ‘ಹಿ ಡ್ರಿಲ್ಡ್ ಎ ಹೋಲ್’ ಎಂಬಲ್ಲಿ ಅದು ‘ಕೊರೆದನು’ ಎಂಬ ಪೂರ್ಣಕ್ರಿಯೆ. ‘ಎ ಡ್ರಿಲ್ಡ್ ಹೋಲ್’ ಎಂಬಲ್ಲಿ ‘ಕೊರೆದ’ ಎಂಬ ಕೃದಂತ ವಿಶೇಷಣ. ಆಂಗ್ಲದಲ್ಲಿ ರೂಪವೊಂದೇ, ಕನ್ನಡದಲ್ಲಿ ಆಖ್ಯಾತಪ್ರತ್ಯಯವು ಭೇದವನ್ನು ತೋರುತ್ತದೆ.

‘ಕಟ್’ ಧಾತುವಿಗೆ ಭೂತಕಾಲದ ಪ್ರತ್ಯಯವೇ ಇಲ್ಲ. ಆದರೂ ‘ಹಿ ಕಟ್’ ಎಂಬುದು ಭೂತಕಾಲವೇ. ವರ್ತಮಾನವಾದರೆ ‘ಕಟ್ಸ್’ ಎಂದಾಗಬೇಕಿತ್ತು. ಆದುದರಿಂದ ಪದದ ರೂಪವನ್ನಷ್ಟೇ ನೋಡದೆ, ವಾಕ್ಯದಲ್ಲಿ ಅದರ ಕಾರ್ಯವನ್ನು ಪರಿಶೀಲಿಸಬೇಕು. ಆ ಪರಿಶೀಲನೆಗೆ ಕನ್ನಡ ವ್ಯಾಕರಣವೇ ಒರೆಗಲ್ಲು.