ಹಳೆಯ ಕಾರಿನ ಇಂಜಿನ್ ಗಣಕ: ದುರಸ್ತಿಯೋ, ಹೊಸ ಆಸ್ತಿಯೋ?

ಕಳೆದ ದ್ರಾಕ್ಷಿ ಹಂಗಾಮಿನಲ್ಲಿ ಬಿಜ್ಜರಗಿಯ ಒಣದ್ರಾಕ್ಷಿ ವರ್ತಕರೊಬ್ಬರು ನಮ್ಮ ಕಚೇರಿಗೆ ಬಂದು ಗ್ಯಾರೇಜಿನ ಅಂದಾಜುಪಟ್ಟಿಯೊಂದನ್ನು ಮೇಜಿನ ಮೇಲಿಟ್ಟರು. ಅವರ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿರುವ ಕಾರಿಗೆ ಹದಿನಾಲ್ಕು ವರ್ಷ ತುಂಬಿತ್ತು. ತಾಸಗಾಂವದ ಪೇಟೆಗೆ ಹೊರಟ ದಿನವೇ ತಿಕೋಟಾ ದಾಟುವಷ್ಟರಲ್ಲಿ ಅದು ನಿಂತುಬಿಟ್ಟಿತ್ತು. ಇಂಜಿನ್ ಗಣಕ ಕೆಟ್ಟಿದೆ, ಹೊಸದಕ್ಕೆ 36,000 ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 6,480, ಒಟ್ಟು 42,480 ರೂಪಾಯಿ ಎಂದು ಪಟ್ಟಿಯಲ್ಲಿತ್ತು. ಅವರ ಪ್ರಶ್ನೆ ಒಂದೇ: "ಸಾಹೇಬ್ರ, ಗಾಡಿ ಬೆಲೆ ಪುಸ್ತಕದಾಗ ನಲವತ್ತೊಂದು ಸಾವಿರ ಉಳದದ, ರಿಪೇರಿ ನಲವತ್ತೆರಡೂವರೆ ಸಾವಿರ ಆಗ್ತದ. ಇದನ್ನ ಖರ್ಚಿಗೆ ಹಾಕಿದ್ರ ನಡೀತದೇನ್ರಿ?"

ಪ್ರಶ್ನೆ ಸಣ್ಣದಾಗಿ ಕಂಡರೂ ಅದರೊಳಗೆ ಎರಡು ಪ್ರಶ್ನೆಗಳಿವೆ. ಈ ಹಣವನ್ನು ವ್ಯಯಿಸಲೇಬೇಕೆ ಎಂಬುದು ಮೊದಲನೆಯದು. ವ್ಯಯಿಸಿದರೆ ಲೆಕ್ಕದಲ್ಲಿ ಅದರ ಸ್ಥಾನ ಯಾವುದು ಎಂಬುದು ಎರಡನೆಯದು. ವರ್ತಕ ಬಾಂಧವರು ಸಾಮಾನ್ಯವಾಗಿ ಎರಡನೆಯದನ್ನು ಮಾತ್ರ ನಮ್ಮ ಬಳಿ ತರುತ್ತಾರೆ. ಹೆಚ್ಚಿನ ಹಣ ಪೋಲಾಗುವುದು ಮೊದಲನೆಯದರಲ್ಲಿ ಎಂಬುದು ನನ್ನ ಅನುಭವ.

ಕಾರ್ಬ್ಯುರೇಟರ್ ಕಾಲದ ವಾಹನಗಳಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಮೇಸ್ತ್ರಿಯೇ ಸ್ಕ್ರೂ ತಿರುಗಿಸಿ ಹದಗೊಳಿಸುತ್ತಿದ್ದನು. ಹೊಗೆ ನಿಯಮಗಳು ಬಿಗಿಯಾದಂತೆ ಆ ಕೆಲಸ ವಿದ್ಯುನ್ಮಾನ ನಿಯಂತ್ರಣ ಘಟಕದ, ಅಂದರೆ ಇಸಿಯುವಿನ, ಪಾಲಿಗೆ ಬಂದಿತು. 2010ರಲ್ಲಿ ಭಾರತ್ ಸ್ಟೇಜ್-3 ಮಾನಕ ದೇಶದಾದ್ಯಂತ ಜಾರಿಗೆ ಬಂದ ಕಾಲಕ್ಕೆ ಈ ಪೆಟ್ಟಿಗೆಯಿಲ್ಲದ ಹೊಸ ಕಾರು ಅಪರೂಪವಾಗಿತ್ತು. ಗಾಳಿಯ ಪ್ರಮಾಣ, ಇಂಜಿನ್ನಿನ ಶಾಖ, ಕ್ರ್ಯಾಂಕ್‌ಶಾಫ್ಟಿನ ಸ್ಥಾನ, ವೇಗವರ್ಧಕದ ಮೇಲಿನ ಒತ್ತಡ ಇವೆಲ್ಲವನ್ನೂ ಸೆನ್ಸಾರುಗಳ ಮೂಲಕ ತಿಳಿದು, ಎಷ್ಟು ಇಂಧನ ಯಾವ ಕ್ಷಣದಲ್ಲಿ ಸಿಂಪಡಿಸಬೇಕೆಂದು ಅದು ನಿರ್ಧರಿಸುತ್ತದೆ. ಸೆನ್ಸಾರು ಸುಳ್ಳು ಹೇಳಿದರೆ ಗಣಕವೂ ತಪ್ಪು ಆಜ್ಞೆ ನೀಡುತ್ತದೆ. ತಪ್ಪು ಮಾಹಿತಿ ಪಡೆದ ಗುಮಾಸ್ತನು ಬರೆದ ಕೀರ್ದಿಯಂತೆ ಇದು. ಗುಮಾಸ್ತನನ್ನು ಬದಲಾಯಿಸಿದರೆ ಲೆಕ್ಕ ಸರಿಹೋಗದು.

ಈ ಮಾತನ್ನು ನಾನು ಕೈಸುಟ್ಟುಕೊಂಡು ಕಲಿತವನು. ಕೆಲವು ವರ್ಷಗಳ ಹಿಂದೆ ನನ್ನದೇ ಹಳೆಯ ಕಾರು ಬಿಸಿಲಿನಲ್ಲಿ ಆಗಾಗ ನಿಲ್ಲತೊಡಗಿತು. ಗ್ಯಾರೇಜೊಂದರವರು ಗಣಕವೇ ಕೆಟ್ಟಿದೆಯೆಂದರು. ಮರುಮಾತಿಲ್ಲದೆ ಹೊಸದನ್ನು ಹಾಕಿಸಿದೆ. ಎಂಟೇ ದಿನಗಳಲ್ಲಿ ಅದೇ ತೊಂದರೆ ಮರುಕಳಿಸಿತು. ಕೊನೆಗೆ ಮತ್ತೊಬ್ಬ ಎಲೆಕ್ಟ್ರಿಷಿಯನ್ ಇಂಜಿನ್ನಿನಿಂದ ಕಾರಿನ ಮೈಗೆ ಹೋಗುವ ಅರ್ಥಿಂಗ್ ಪಟ್ಟಿಯ ಬೋಲ್ಟನ್ನು ಕಳಚಿ ತೋರಿಸಿದನು. ಅದರ ಕೆಳಗೆ ಹಸಿರು ಕಿಲುಬು ಕಟ್ಟಿತ್ತು. ಮರಳು ಕಾಗದದಿಂದ ಉಜ್ಜಿ ಬಿಗಿದ ಮೇಲೆ, ಪರೀಕ್ಷೆಗಾಗಿ ಹಳೆಯ ಗಣಕವನ್ನೇ ಮರಳಿ ಜೋಡಿಸಿದಾಗಲೂ ಕಾರು ಸರಿಯಾಗಿ ಓಡಿತು. ಲೆಕ್ಕಪರಿಶೋಧಕನಾಗಿದ್ದೂ ನಾನು ಪುರಾವೆ ಕೇಳದೆ ಬಿಲ್ಲು ಪಾವತಿಸಿದ್ದೆ.

ಆದ್ದರಿಂದ ಅಂದಾಜುಪಟ್ಟಿಗೆ ಒಪ್ಪಿಗೆ ನೀಡುವ ಮುನ್ನ ಕೆಲವು ಸಂಗತಿಗಳನ್ನು ಬರಹದಲ್ಲಿ ಕೇಳಿರಿ. ಬ್ಯಾಟರಿ ಇಂಜಿನ್ ನಿಂತಿರುವಾಗ 12.5 ವೋಲ್ಟಿನ ಆಸುಪಾಸು, ಓಡುವಾಗ 14 ವೋಲ್ಟಿನ ಆಸುಪಾಸು ತೋರಿಸುತ್ತಿದೆಯೇ? ಗಣಕಕ್ಕೆ ವಿದ್ಯುತ್ ಕೊಡುವ ಫ್ಯೂಸು ಮತ್ತು ಮುಖ್ಯ ರಿಲೇ ಸರಿಯಿವೆಯೇ? ಅರ್ಥಿಂಗ್ ತಂತಿಗಳನ್ನು ಪರೀಕ್ಷಿಸಲಾಗಿದೆಯೇ? ಇನ್ನು ಒಂದು ಸಂಗತಿ ಬಹಳ ಗ್ಯಾರೇಜುಗಳಲ್ಲಿ ಮರೆತುಹೋಗುತ್ತದೆ. ಗಣಕವು ಹಲವು ಸೆನ್ಸಾರುಗಳಿಗೆ ಒಂದೇ 5 ವೋಲ್ಟಿನ ಧಾರೆಯನ್ನು ಹಂಚುತ್ತದೆ. ಅವುಗಳಲ್ಲಿ ಒಂದು ಒಳಗೊಳಗೇ ಶಾರ್ಟ್ ಆದರೆ ಆ ಧಾರೆಯೇ ಕುಸಿದು, ನಾಲ್ಕಾರು ಸೆನ್ಸಾರುಗಳು ಒಮ್ಮೆಲೇ ಕೆಟ್ಟಂತೆ ಸ್ಕ್ಯಾನರ್ ತೋರಿಸುತ್ತದೆ. ಮೇಸ್ತ್ರಿ ಇದನ್ನು ಕಂಡು ಗಣಕದ ಮೇಲೆ ತೀರ್ಪು ಕೊಡುತ್ತಾನೆ. ಸೆನ್ಸಾರುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ, ಯಾವುದನ್ನು ಬಿಡಿಸಿದಾಗ 5 ವೋಲ್ಟ್ ಮರಳುತ್ತದೆಯೋ ಅದೇ ಅಪರಾಧಿ. ಗಣಕದ ಬೆಲೆಯ ಒಂದು ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ಸ್ಕ್ಯಾನರಿನಲ್ಲಿ ಪಿ-0601 ಅಥವಾ ಪಿ-0606 ಎಂಬ ಸಂಕೇತಗಳು ಕಂಡರೆ ಅವು ಗಣಕದ ಒಳಗಿನ ದೋಷವನ್ನೇ ಸೂಚಿಸುತ್ತವೆಯಾದರೂ, ವಿದ್ಯುತ್ ಪೂರೈಕೆ ಸರಿಯಿದೆಯೆಂದು ಖಚಿತವಾದ ಮೇಲೆ ಮಾತ್ರ ಅವನ್ನು ನಂಬತಕ್ಕದ್ದು.

ಗಣಕ ನಿಜವಾಗಿಯೂ ಕೆಡುವುದುಂಟು. ಬ್ಯಾಟರಿಯ ತಂತಿ ಬಿಡಿಸದೆ ಕಾರಿನ ಮೈಗೆ ವೆಲ್ಡಿಂಗ್ ಮಾಡುವುದು, ಬೇರೆ ಗಾಡಿಯಿಂದ ಚಾಲೂ ಮಾಡುವಾಗ ಧನ-ಋಣ ತಂತಿಗಳನ್ನು ಅದಲುಬದಲು ಜೋಡಿಸುವುದು, ಡೋಣಿ ನದಿಗೆ ನೆರೆ ಬಂದಾಗ ನೀರಿನಲ್ಲಿ ಗಾಡಿ ಇಳಿಸುವುದು ಇವು ಸಾಮಾನ್ಯ ಕಾರಣಗಳು. ಒಣದ್ರಾಕ್ಷಿ ಗೋದಾಮಿನ ಪಕ್ಕದಲ್ಲಿ ಗಾಡಿ ನಿಲ್ಲಿಸುವವರಿಗೆ ಇಲಿಗಳ ಕಾಟವನ್ನು ನಾನು ಹೇಳಬೇಕಾಗಿಲ್ಲ.

ಬದಲಾಯಿಸಲೇಬೇಕೆಂದಾದರೆ ಮೂರು ದಾರಿಗಳು. ಕಂಪನಿಯ ಹೊಸದು ದುಬಾರಿ, ಹಳೆಯ ಮಾದರಿಗೆ ಸಿಗುವುದೂ ತಡ. ಕೆಟ್ಟ ಗಣಕದ ಒಳಗಿನ ಫಲಕವನ್ನೇ ದುರಸ್ತಿ ಮಾಡುವವರು ದೊಡ್ಡ ಊರುಗಳಲ್ಲಿದ್ದಾರೆ. ಬೆಸುಗೆ ಬಿಟ್ಟಿದ್ದರೆ ಅಥವಾ ಒಂದೆರಡು ಬಿಡಿಭಾಗ ಸುಟ್ಟಿದ್ದರೆ ಇದು ಉತ್ತಮ ಮಾರ್ಗ. ಮೂರನೆಯದು ಹಳೆಯ ಗಾಡಿಯಿಂದ ಬಿಚ್ಚಿದ ಮಾಲು. ಇಲ್ಲಿ ಎಚ್ಚರಿಕೆ ಬೇಕು. ಹೊರಗೆ ಒಂದೇ ತೆರನಾಗಿ ಕಾಣುವ ಎರಡು ಪೆಟ್ಟಿಗೆಗಳ ಒಳಗಿನ ತಂತ್ರಾಂಶ ಬೇರೆ ಇರಬಹುದು. ಚೀಟಿಯ ಮೇಲಿನ ಸಂಖ್ಯೆ ಅಕ್ಷರಶಃ ಹೊಂದಬೇಕು. ಅಲ್ಲದೆ ಕಳವು ತಡೆಗಾಗಿ ಕೀಲಿಯೊಳಗಿನ ಚಿಪ್ಪಿಗೂ ಗಣಕಕ್ಕೂ ಗುಟ್ಟಿನ ಹೊಂದಾಣಿಕೆ ಇರುವ ಕಾರುಗಳಲ್ಲಿ, ಬೇರೆ ಗಾಡಿಯ ಗಣಕವನ್ನು ಸುಮ್ಮನೆ ಜೋಡಿಸಿದರೆ ಇಂಜಿನ್ ಚಾಲೂ ಆಗದು. ಹಳೆಯ ಗಣಕದ ಸ್ಮೃತಿಯಲ್ಲಿನ ಮಾಹಿತಿಯನ್ನು ಹೊಸದಕ್ಕೆ ವರ್ಗಾಯಿಸಬೇಕಾಗುತ್ತದೆ. ಎರಡೂ ಕೀಲಿಗಳನ್ನು ಒಯ್ಯಿರಿ. ಹಳೆಯ ಪೆಟ್ಟಿಗೆಯನ್ನು ಗ್ಯಾರೇಜಿನಲ್ಲಿ ಬಿಟ್ಟುಬರಬೇಡಿರಿ. ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ಗಣಕ ಕಳವಿನ ಗಾಡಿಯದಾಗಿದ್ದರೆ ಅದರ ಬೆಲೆ ಬೇರೆಯೇ.

ಈಗ ಲೆಕ್ಕದ ವಿಷಯ. ನಾಲ್ಕು ಲಕ್ಷಕ್ಕೆ ಕೊಂಡ ಕಾರಿಗೆ ಶೇಕಡಾ 15ರ ದರದಲ್ಲಿ ಇಳಿಕೆ ಕ್ರಮದ ಸವಕಳಿ ಹಾಕುತ್ತ ಬಂದರೆ ಹದಿನಾಲ್ಕು ವರ್ಷಗಳ ಕೊನೆಗೆ ಸುಮಾರು 41,100 ರೂಪಾಯಿ ಉಳಿಯುತ್ತದೆ. ದುರಸ್ತಿಯ ಮೊತ್ತ ಅದನ್ನು ಮೀರಿದರೆ ಅದು ಬಂಡವಾಳ ವೆಚ್ಚವೇ ಆಗಬೇಕೆಂದು ಅನೇಕ ಗುಮಾಸ್ತರು ನಂಬಿದ್ದಾರೆ. ಕಾನೂನಿನಲ್ಲಿ ಅಂಥ ಅಳತೆಗೋಲಿಲ್ಲ. ತೆರಿಗೆಯ ಲೆಕ್ಕದಲ್ಲಂತೂ ಕಾರು ಒಂದೇ ದರದ ಇತರ ಆಸ್ತಿಗಳ ಗುಚ್ಛದಲ್ಲಿ ಬೆರೆತುಹೋಗಿರುತ್ತದೆ. ಅದಕ್ಕೆ ಪ್ರತ್ಯೇಕ ಉಳಿಕೆ ಬೆಲೆಯೇ ಇರುವುದಿಲ್ಲ.

1961ರ ಆದಾಯ ತೆರಿಗೆ ಕಾಯಿದೆಯ 31ನೆಯ ಕಲಮು ಯಂತ್ರೋಪಕರಣಗಳ ಚಾಲ್ತಿ ದುರಸ್ತಿಗೆ ವಿನಾಯಿತಿ ಕೊಟ್ಟಿತು. ಬಂಡವಾಳ ಸ್ವರೂಪದ ವೆಚ್ಚ ಅದರಲ್ಲಿ ಸೇರದೆಂದು 2003ರ ಹಣಕಾಸು ಕಾಯಿದೆ ವಿವರಣೆ ಸೇರಿಸಿತು. ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ (1997) ಒಂದು ಚಿತ್ರಮಂದಿರವನ್ನು ಪೂರ್ತಿ ನವೀಕರಿಸಿದ ವೆಚ್ಚವನ್ನು ಸರ್ವೋಚ್ಚ ನ್ಯಾಯಾಲಯ ದುರಸ್ತಿಯೆಂದು ಒಪ್ಪಲಿಲ್ಲ. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವುದಕ್ಕಾಗಿ ಮಾಡಿದ ವೆಚ್ಚವೇ, ಅಥವಾ ಹೊಸ ಆಸ್ತಿಯನ್ನೋ ಹೊಸ ಪ್ರಯೋಜನವನ್ನೋ ಪಡೆಯುವುದಕ್ಕಾಗಿಯೇ ಎಂಬುದೇ ಅಲ್ಲಿನ ಪರೀಕ್ಷೆ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ (2007) ನೂಲಿನ ಗಿರಣಿಯ ರಿಂಗ್ ಫ್ರೇಮ್ ಎಂಬುದು ಸ್ವತಂತ್ರ ಯಂತ್ರ, ಅದನ್ನು ಬದಲಾಯಿಸುವುದು ಗಿರಣಿಯ ದುರಸ್ತಿಯಲ್ಲ ಎಂದು ಅದೇ ನ್ಯಾಯಾಲಯ ಹೇಳಿತು. ಎರಡೂ ತೀರ್ಪುಗಳು ತೆರಿಗೆದಾರರ ವಿರುದ್ಧವೇ ಆದವು. ಆದರೂ ನಮ್ಮ ಗಣಕಕ್ಕೆ ಅವೇ ಆಧಾರ. ಇಂಜಿನ್ ಗಣಕವನ್ನು ಕಾರಿನಿಂದ ಬಿಡಿಸಿ ಮೇಜಿನ ಮೇಲಿಟ್ಟರೆ ಅದು ಯಾವ ಕೆಲಸವನ್ನೂ ಮಾಡದು. ಅದು ಸ್ವತಂತ್ರ ಯಂತ್ರವಲ್ಲ, ಕಾರಿನ ಅಂಗ. ಅದೇ ಮಾದರಿಯ ಇನ್ನೊಂದನ್ನು ಹಾಕಿದರೆ ಕಾರು ಮೊದಲಿನಂತೆ ಓಡುತ್ತದೆಯೇ ಹೊರತು ಹೊಸ ಕಾರಾಗದು. ಹಾಗಾಗಿ ಇದು ರಾಜಸ್ವ ವೆಚ್ಚವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಅದೇ ಸಂದರ್ಭದಲ್ಲಿ ಸಿಎನ್‌ಜಿ ಕಿಟ್ ಹಾಕಿಸಿದರೆ ಅದು ಹೊಸ ಪ್ರಯೋಜನ. ಆ ಮೊತ್ತವನ್ನು ಪ್ರತ್ಯೇಕಿಸಿ ವಾಹನ ಖಾತೆಗೆ ಒಯ್ಯುವುದು ಲೇಸು. 2026ರ ಏಪ್ರಿಲ್ 1ರಿಂದ ಹಳೆಯ ಕಾಯಿದೆಯ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಕಾಯಿದೆ ಅನ್ವಯವಾಗುವುದರಿಂದ ಕಲಮುಗಳ ಸಂಖ್ಯೆ ಬದಲಾಗುತ್ತದೆ. ಲೆಕ್ಕ ಬರೆಯುವವರು ಗಮನಿಸಬೇಕು.

ವ್ಯತ್ಯಾಸ ಎಷ್ಟು? ಪಾಲುದಾರಿಕೆ ಸಂಸ್ಥೆಗೆ ಸೆಸ್ ಸೇರಿ ಶೇಕಡಾ 31.2ರ ದರದಲ್ಲಿ, ಪೂರ್ತಿ ಖರ್ಚು ಹಾಕಿದರೆ ಅದೇ ವರ್ಷ 13,254 ರೂಪಾಯಿ ತೆರಿಗೆ ಉಳಿಯುತ್ತದೆ. ಬಂಡವಾಳಕ್ಕೆ ಸೇರಿಸಿ ಸವಕಳಿ ಹಾಕಿದರೆ ಮೊದಲ ವರ್ಷ ಉಳಿಯುವುದು 1,988 ಮಾತ್ರ. ಆದರೆ ಕಾರು ಮನೆಯ ಮದುವೆ-ಮುಂಜಿವೆಗಳಿಗೂ ಓಡುತ್ತದೆಯಲ್ಲವೇ? ಐದರಲ್ಲಿ ಒಂದು ಪಾಲು ಸ್ವಂತ ಬಳಕೆಯೆಂದು ಬಿಟ್ಟರೆ ಉಳಿತಾಯ 10,603ಕ್ಕೆ ಇಳಿಯುತ್ತದೆ. ವಹಿವಾಟಿನ ಮೇಲೆ ಶೇಕಡಾ 8 ಅಥವಾ 6ರಂತೆ ಅಂದಾಜು ಲಾಭ ತೋರಿಸುವ ಸಣ್ಣ ವರ್ತಕರಿಗೆ ಈ ಲೆಕ್ಕವೇ ಅನ್ವಯಿಸದು. ಅವರ ಪಾಲಿಗೆ ದುರಸ್ತಿಯ ಪ್ರತಿ ರೂಪಾಯಿಯೂ ಜೇಬಿನಿಂದಲೇ.

ಇವೆಲ್ಲಕ್ಕಿಂತ ಹೆಚ್ಚು ಜನ ಎಡವುವುದು ಪಾವತಿಯ ವಿಧಾನದಲ್ಲಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಪೂರ್ತಿ ಅಮಾನ್ಯ. ಒಂದೇ ದಿನ ಎರಡು ಬಿಲ್ಲು ಮಾಡಿಸಿದರೂ ಮೊತ್ತ ಕೂಡಿಸಿಯೇ ನೋಡುತ್ತಾರೆ. ಚೆಕ್ಕಿನಿಂದಲೋ ಯುಪಿಐ ಮೂಲಕವೋ ಕೊಡಿರಿ, ಅದೂ ಸಂಸ್ಥೆಯ ಖಾತೆಯಿಂದ.

ಜಿಎಸ್‌ಟಿಯಲ್ಲಿ, ಚಾಲಕನೂ ಸೇರಿ ಹದಿಮೂರಕ್ಕಿಂತ ಹೆಚ್ಚಿಲ್ಲದ ಆಸನಗಳ ಪ್ರಯಾಣಿಕ ವಾಹನದ ದುರಸ್ತಿ ಸೇವೆಗೆ ಹೂಡುವಳಿ ತೆರಿಗೆ ಸಾಮಾನ್ಯ ವರ್ತಕರಿಗೆ ದೊರೆಯದು. 17(5)ನೆಯ ಕಲಮಿನಲ್ಲಿ ದುರಸ್ತಿ ಸೇವೆಯ ಹೆಸರಿದೆ, ಬಿಡಿಭಾಗದ ಹೆಸರಿಲ್ಲ, ಆದ್ದರಿಂದ ಬಿಡಿಭಾಗವನ್ನು ಬೇರೆ ಕೊಂಡರೆ ಜಮೆ ಪಡೆಯಬಹುದೆಂಬ ವಾದವೊಂದುಂಟು. 6,480 ರೂಪಾಯಿಗಾಗಿ ನೋಟೀಸಿಗೆ ಉತ್ತರ ಬರೆಯುವುದು ಲಾಭದ ವ್ಯಾಪಾರವಲ್ಲ. ಅದನ್ನು ಖರ್ಚಿನಲ್ಲೇ ಸೇರಿಸಿರಿ. ಸರಕು ಸಾಗಿಸುವ ಪಿಕಪ್ ವಾಹನಕ್ಕೆ ಈ ತಡೆಯಿಲ್ಲ. 2025ರ ಸೆಪ್ಟೆಂಬರ್ 22ರವರೆಗೆ ಅನೇಕ ಬಿಡಿಭಾಗಗಳ ಮೇಲೆ ಶೇಕಡಾ 28 ಇತ್ತು. ಅಂದಿನಿಂದ ಮೋಟಾರು ಬಿಡಿಭಾಗಗಳಿಗೆಲ್ಲ ಶೇಕಡಾ 18ರ ಏಕರೂಪ ದರ. ಹಳೆಯ ದರದ ಅಂದಾಜುಪಟ್ಟಿ ಕೊಟ್ಟರೆ ಪ್ರಶ್ನಿಸಿರಿ. ವಿಮೆಯಲ್ಲಿ ವಿದ್ಯುತ್ ಅಥವಾ ಯಾಂತ್ರಿಕ ವೈಫಲ್ಯಕ್ಕೆ ಪರಿಹಾರವಿಲ್ಲ. ನೆರೆಯ ನೀರಿನಿಂದ ಕೆಟ್ಟಿದ್ದರೆ ಮಾತ್ರ ಸಮಗ್ರ ಪಾಲಿಸಿಯಡಿ ಕೇಳಬಹುದು, ಹತ್ತು ವರ್ಷ ಮೀರಿದ ಗಾಡಿಗೆ ಅರ್ಧದಷ್ಟು ಸವಕಳಿ ಕಳೆದು.

ಕಾರನ್ನೇ ಮಾರಬಾರದೇಕೆ? ನಮ್ಮ ವರ್ತಕರು ವಿಚಾರಿಸಿದಾಗ ಓಡುವ ಸ್ಥಿತಿಯಲ್ಲಿ 1,30,000, ನಿಂತ ಸ್ಥಿತಿಯಲ್ಲಿ 35,000 ಬೆಲೆ ಬಂದಿತ್ತು. ವ್ಯತ್ಯಾಸ 95,000, ತೆರಿಗೆ ಉಳಿತಾಯ ಕಳೆದು ದುರಸ್ತಿಯ ನಿವ್ವಳ ವೆಚ್ಚ 31,877. ಮುಂದಿನ ತಿಂಗಳೇ ಮಾರುವುದಾದರೂ ದುರಸ್ತಿ ಮಾಡಿಸಿ ಮಾರುವುದೇ ಲಾಭ. ಕೊಂಡ ಬೆಲೆ ನಾಲ್ಕು ಲಕ್ಷವೆಂಬುದನ್ನಾಗಲಿ ಪುಸ್ತಕದ ಬೆಲೆಯನ್ನಾಗಲಿ ಈ ತೂಕಕ್ಕೆ ಹಾಕಬಾರದು. ಹದಿನೈದು ವರ್ಷ ತುಂಬಿದಾಗ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ ನಿಗದಿಯಾದ 5,000 ರೂಪಾಯಿ ಶುಲ್ಕ ಹಾಗೂ ಹಸಿರು ತೆರಿಗೆ ಬರುತ್ತವೆಂಬುದನ್ನು, ಕ್ಲಚ್ಚು-ಟೈರುಗಳ ಸ್ಥಿತಿಯನ್ನು ಮಾತ್ರ ಎಣಿಸಬೇಕು.

ಅವರು ಅಂದಾಜುಪಟ್ಟಿಯನ್ನು ಹಿಡಿದು ವಿಜಯಪುರದಲ್ಲಿ ಇನ್ನೊಬ್ಬರ ಬಳಿ ಹೋದರು. ವಿದ್ಯುತ್ ಪೂರೈಕೆ, ಅರ್ಥಿಂಗ್, 5 ವೋಲ್ಟಿನ ಧಾರೆ ಎಲ್ಲವೂ ಸರಿಯಿದ್ದವು. ಪೆಟ್ಟಿಗೆ ತೆರೆದಾಗ ಫಲಕಕ್ಕೆ ನೀರು ತಗುಲಿ ಕಿಲುಬು ಹಬ್ಬಿತ್ತು, ದುರಸ್ತಿ ಬಾಳುವಂತಿರಲಿಲ್ಲ. ಹೊಸದನ್ನೇ ತರಿಸಿ, ಸಂಸ್ಥೆಯ ಬ್ಯಾಂಕ್ ಖಾತೆಯಿಂದ ಹಣ ಕೊಟ್ಟು, ವಾಹನ ಸಂಖ್ಯೆ ನಮೂದಿಸಿದ ಬಿಲ್ಲು ಪಡೆದರು. ಹಳೆಯ ಗಣಕವನ್ನು ಪರೀಕ್ಷಾ ವರದಿಯೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಮ್ಮ ಕಚೇರಿಗೇ ತಂದುಕೊಟ್ಟರು. ಆ ವರ್ಷದ ವೋಚರ್ ಕಡತದ ಪಕ್ಕದಲ್ಲಿ ಅದು ಇಂದಿಗೂ ಇದೆ.