ಮಾತನ್ನು ಚಿತ್ರಕ್ಕೆ ಜೋಡಿಸುವ ಮುನ್ನ



ನಮ್ಮ ಸಾತಪುರವನ್ನು ಹಾಯ್ದು ಹೋಗುವ ರಸ್ತೆ ತ್ರ್ಯಂಬಕೇಶ್ವರವನ್ನು ಮುಟ್ಟುತ್ತದೆ. 1870ರಲ್ಲಿ ದಾದಾಸಾಹೇಬ ಫಾಲ್ಕೆಯವರು ಹುಟ್ಟಿದ ಊರು ಅದು. ಅವರು 1913ರಲ್ಲಿ ತೆರೆಗೆ ತಂದ ‘ರಾಜಾ ಹರಿಶ್ಚಂದ್ರ’ ಮೂಕಚಿತ್ರ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಹೊರಬಂದಿತು; ಅದು ತಯಾರಾದದ್ದೂ ಇದೇ ಸೀಮೆಯ ಕೊಲ್ಲಾಪುರದಲ್ಲಿ. ಅಂದು ಸ್ಟುಡಿಯೋ ಬೇಡುತ್ತಿದ್ದ ಕೆಲಸ ಇಂದು ಜೇಬಿನ ಫೋನಿನಲ್ಲೇ ಆಗುತ್ತದೆ. ಆದರೆ ಸಾಧನ ಕೈಗೆ ಬಂದ ಮಾತ್ರಕ್ಕೆ ಪದ್ಧತಿ ಕೈಗೆ ಬಾರದು. ಇದನ್ನು ನಾವು ಪೆಟ್ಟು ತಿಂದು ಕಲಿತೆವು.

ಒಂದು ರಾಜ್ಯೋತ್ಸವದ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ತಾವು ಊರು ಬಿಟ್ಟು ಗಿರಣಿ ಸೇರಿದ ಕಥೆ ಹೇಳಿದರು. ಒಂದು ಫೋನಿನಲ್ಲಿ ಚಿತ್ರ, ಇನ್ನೊಂದರಲ್ಲಿ ಧ್ವನಿ ಹಿಡಿದೆವು. ಧ್ವನಿಯನ್ನು ಸಂದೇಶದ ಆಪಿನಲ್ಲಿ ತರಿಸಿಕೊಂಡು, ಜಾಗ ಸಾಲದೆಂದು ಮೂಲವನ್ನು ಅಳಿಸಿಬಿಟ್ಟೆವು. ಜೋಡಿಸಿ ನೋಡಿದರೆ ಮಾತು ಒಡೆದಿತ್ತು. ಕೊನೆಯಲ್ಲಿ ತುಟಿ ಒಂದು ಕಡೆ, ನುಡಿ ಇನ್ನೊಂದು ಕಡೆ. ಮತ್ತೊಮ್ಮೆ ಹೇಳಿಸೋಣವೆನ್ನುವಷ್ಟರಲ್ಲಿ ಅವರು ತೀರಿಕೊಂಡರು. ಮೊಮ್ಮಕ್ಕಳ ಕೈಗೆ ಕೊಡಲು ಉಳಿದದ್ದು ಆ ಕೆಟ್ಟ ಪ್ರತಿಯೊಂದೇ.

ನೂಲಿಗೆ ಗಂಜಿ ಹಚ್ಚದೆ ಮಗ್ಗಕ್ಕೇರಿಸಿದರೆ ಎಳೆ ಹರಿಯುತ್ತದೆಂಬುದು ಗಿರಣಿಯವರಿಗೆ ಗೊತ್ತು. ಧ್ವನಿಯೂ ಹಾಗೆಯೇ. ಅದನ್ನು ಮೊದಲು ಹದಗೊಳಿಸಬೇಕು.

ಒಂದನೆಯದು, ಹಿಡಿಯುವ ರೀತಿ. ಫ್ಯಾನು ನಿಲ್ಲಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕೆ ಇಡಿ. ಎರಡೂ ಫೋನು ನಡೆಯುತ್ತಿರುವಾಗ ಕ್ಯಾಮೆರಾ ಎದುರು ಒಂದು ಚಪ್ಪಾಳೆ ತಟ್ಟಿ, ಮುಗಿಯುವಾಗ ಇನ್ನೊಂದು. ಕೈ ಕೂಡಿದ ಚಿತ್ರಕ್ಕೂ ಚಪ್ಪಾಳೆಯ ಸದ್ದಿಗೂ ಗಂಟು ಹಾಕಿದರೆ ಹೊಂದಿಕೆ ಸಿಗುತ್ತದೆ. ಎರಡನೆಯ ಚಪ್ಪಾಳೆ ಜಾರಿದ್ದರೆ ಎಷ್ಟು ಜಾರಿದೆಯೆಂಬುದೂ ತಿಳಿಯುತ್ತದೆ. ಅರ್ಧ ನಿಮಿಷ ಕೋಣೆಯ ಮೌನವನ್ನೂ ಹಿಡಿಯಿರಿ. ಕತ್ತರಿಸಿದ ಕಡೆ ತುಂಬಲು ಬೇಕಾಗುತ್ತದೆ.

ಎರಡನೆಯದು, ಮಟ್ಟ. ಧ್ವನಿಯ ಅಳತೆಯಲ್ಲಿ ಸೊನ್ನೆ ಡೆಸಿಬಲ್ ಕೊನೆಯ ಮಿತಿ. ಅತಿ ಜೋರಿನ ಮಾತೂ ಮೈನಸ್ 12ರಿಂದ ಮೈನಸ್ 6ರೊಳಗೆ ನಿಲ್ಲಲಿ. ಮೆಲ್ಲಗಿನ ಧ್ವನಿಯನ್ನು ಮುಂದೆ ಏರಿಸಬಹುದು. ಒಡೆದದ್ದನ್ನು ಪೂರ್ತಿ ಸರಿಪಡಿಸಲಾಗದು.

ಮೂರನೆಯದು, ಮೂಲಪ್ರತಿ. ಫೈಲನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಇಳಿಸಿ, ಎರಡು ಕಡೆ ಇಡಿ. ಕೆಲಸ ನಕಲಿನ ಮೇಲೆ ಮಾತ್ರ ನಡೆಯಲಿ.

ನಾಲ್ಕನೆಯದು, ರೂಪ. ಎಂಪಿ ತ್ರೀಯಂಥ ಫೈಲು ಜಾಗ ಉಳಿಸಲು ಧ್ವನಿಯ ಅಂಶ ಬಿಡುತ್ತದೆ. ಮತ್ತೆ ಮತ್ತೆ ಹಾಗೆ ಉಳಿಸಿದರೆ ಮತ್ತಷ್ಟು ಹೋಗುತ್ತದೆ. ಆದ್ದರಿಂದ ಕೆಲಸಕ್ಕೆ ವೇವ್ ಫೈಲು ಉತ್ತಮ. ಸಂಗೀತದ ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದಿರುತ್ತಾರೆ. ವಿಡಿಯೋದ ರೂಢಿ 48,000. ಮೊದಲನೆಯದನ್ನು ಎರಡನೆಯದೆಂದು ತಪ್ಪಾಗಿ ಓದಿದರೆ ಹತ್ತು ನಿಮಿಷದ ಮಾತು 9 ನಿಮಿಷ 11 ಸೆಕೆಂಡಿಗೇ ಮುಗಿದು, ಸ್ವರ ಕೀರಲಾಗುತ್ತದೆ. ಉಚಿತವಾಗಿ ದೊರೆಯುವ ಆಡಾಸಿಟಿಯಲ್ಲಿ 48,000 ಆರಿಸಿ, 16 ಬಿಟ್ ವೇವ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಒಬ್ಬರ ಮಾತಿಗೆ ಮೋನೋ ಸಾಕು. ನಿಮಿಷಕ್ಕೆ ಸುಮಾರು 5.8 ಎಂಬಿ ಹಿಡಿಯುತ್ತದೆ.

ಐದನೆಯದು, ಚಿತ್ರದ ವೇಗ. ಅನೇಕ ಫೋನುಗಳ ವಿಡಿಯೋದಲ್ಲಿ ಸೆಕೆಂಡಿನ ಚಿತ್ರಗಳ ಸಂಖ್ಯೆ ಏರಿಳಿಯುತ್ತದೆ. ಇದರಿಂದಲೂ ಮಾತು ಜಾರಬಹುದು. ಉಚಿತವಾದ ಹ್ಯಾಂಡ್‌ಬ್ರೇಕ್‌ನಿಂದ ಅದನ್ನು ಒಂದೇ ವೇಗಕ್ಕೆ ತಂದ ಮೇಲೆ ಜೋಡಿಸಿ.

ಕೊನೆಯದಾಗಿ, ಫೈಲಿಗೆ ತಾರೀಖು, ಹೇಳಿದವರ ಹೆಸರು, ಭಾಗದ ಸಂಖ್ಯೆ ಬರೆಯಿರಿ. ಲೆಜರಿನಲ್ಲಿ ಹೆಸರಿಲ್ಲದ ಕಲಮು ಯಾರಿಗೂ ಉಪಯೋಗವಿಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿ, ತಾತಂದಿರ ಮಾತನ್ನು ಹೀಗೆ ಹಿಡಿದು ತನ್ನಿ. ರಜೆಯ ದಿನ ವಾಚನಾಲಯದಲ್ಲಿ ಒಟ್ಟಿಗೆ ಕುಳಿತು ಜೋಡಿಸೋಣ. ಮೂಲವನ್ನು ಮಾತ್ರ ಅಳಿಸದೆ ಬನ್ನಿ.